ಮಡಿ ಗಳದ ಕೆಳಗೆ ಹುಟ್ಟಿದ ಉಂಗುರಗಳು

ಮನೆ ನೋಡಲು ಬಂದ ದಿನ ಕೋಕಿಲಾ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳಲಿಲ್ಲ. ಬಚ್ಚಲು ಎಲ್ಲಿದೆ ಎಂದೂ ಕೇಳಲಿಲ್ಲ. "ಒಂದು ಲೋಟ ನೀರು ಕೊಡ್ತೀರಾ ಅಮ್ಮ, ಅಂಚಿನ ತನಕ" ಎಂದಳು. ಬಿಸಿಲಲ್ಲಿ ಬಂದಿದ್ದಾಳೆ, ಬಾಯಾರಿಕೆ ಇರಬೇಕು ಎಂದುಕೊಂಡು ಭಾಗೀರಥಮ್ಮ ತಂದುಕೊಟ್ಟರು. ಅವಳು ಅದನ್ನು ಕುಡಿಯಲಿಲ್ಲ. ನೆಲದ ಮೇಲಿಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನೀರನ್ನೇ ನೋಡತೊಡಗಿದಳು.

ಹೊರಗೆ ಚಾಮರಾಜಪೇಟೆಯ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಲೋಟದ ನೀರು ಸಣ್ಣಗೆ ನಡುಗಿ ಅಂಚಿನಿಂದ ಒಂದು ಹನಿ ಇಳಿಯಿತು.

"ಈ ರೂಮು ಆಗಲ್ಲ" ಎಂದಳು. "ಒಳಗಡೆ ಇನ್ನೊಂದಿದೆಯಲ್ಲ?"

"ಅದು ಬಾಡಿಗೆಗಲ್ಲ. ಮಡಿ ಒಣಗಿಸೋ ಕೋಣೆ. ಅಲ್ಲಿಗೆ ಯಾರೂ ಬರೋ ಹಾಗಿಲ್ಲ."

"ಬರಲ್ಲ. ಲೋಟ ನೀವೇ ಇಟ್ಟು ನೋಡ್ಕೊಂಡು ಬರ್ತೀರಾ?"

ಇದೆಂಥ ಹೆಣ್ಣಪ್ಪ ಎನ್ನಿಸಿದರೂ ಭಾಗೀರಥಮ್ಮ ಲೋಟವನ್ನು ಒಳಗೆ ಒಯ್ದರು. ಅವರದು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಸ್ವಭಾವವಲ್ಲ. ಕಾಲು ಗಂಟೆ ಕೂತು ಬಂದರು. "ಎರಡು ಬಸ್ಸು ಹೋದ್ವು, ಒಂದು ಲಾರಿ. ಬಸ್ಸಿಗೆ ಏನೂ ಆಗಲಿಲ್ಲ. ಲಾರಿಗೆ ಮಾತ್ರ ಸ್ವಲ್ಪ, ಬಾಗಿಲ ಕಡೆ ಅಂಚಿನಲ್ಲಿ. ನೀರು ಚೆಲ್ಲಲಿಲ್ಲ."

ಕೋಕಿಲಾ ಅವರ ಮುಖವನ್ನೇ ನೋಡಿದಳು. "ನಮ್ಮ ಲ್ಯಾಬಲ್ಲಿ ಹತ್ತು ಜನ ಇದಾರೆ. ಇಷ್ಟು ಸರಿಯಾಗಿ ಇಲ್ಲಿವರೆಗೂ ಯಾರೂ ನಂಗೆ ಹೇಳಿಲ್ಲಮ್ಮ" ಎಂದಳು. ಮಾರನೆಯ ದಿನ ಒಂದು ಟ್ರಂಕು, ಎರಡು ಪೆಟ್ಟಿಗೆ ಗಾಜು, ಒಂದು ಚಾಪೆ ತಂದು, ಆಗಲ್ಲ ಎಂದಿದ್ದ ಅದೇ ಮುಂದಿನ ಕೋಣೆಯಲ್ಲಿ ಇಳಿದಳು. ಅದು ತೊಂಬತ್ತಾರನೆಯ ಇಸವಿ, ಬೇಸಿಗೆ.

ಆಗ ಅವಳಿಗೆ ನಲವತ್ತೊಂದು. ಬಸವನಗುಡಿಯ ಒಂದು ಸಣ್ಣ ಕಾಲೇಜಿನಲ್ಲಿ ಬೆಳಗಿನ ಹೊತ್ತು ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದಳು. ಉಳಿದ ಹೊತ್ತಿನಲ್ಲಿ, ಮದುವೆಯ ವಯಸ್ಸು ದಾಟಿದ ಮೇಲೆ ಹಿಡಿದ ಹುಚ್ಚು ಎಂದು ಅವಳೇ ನಗುತ್ತಿದ್ದ ಆ ಪಿಎಚ್‌ಡಿ. ತಂದೆ ಮಾಯಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು, ಓಕಳಿಪುರದಲ್ಲಿ ಹಳಿಯ ಪಕ್ಕದಲ್ಲೇ ಮನೆ ಕಟ್ಟಿಕೊಂಡಿದ್ದ. ರೈಲು ಹೋದಾಗಲೆಲ್ಲ ಆ ಮನೆಯ ಪಾತ್ರೆಗಳು ಮಾತಾಡುತ್ತಿದ್ದವಂತೆ. "ನಿದ್ದೆಗೆ ಅದೇ ಜೋಗುಳ. ನನ್ನ ಗಾಜಿಗೆ ಮಾತ್ರ ಆಗಿಬರಲ್ಲ" ಎನ್ನುತ್ತಿದ್ದಳು.

ಅವಳ ಗಾಜಿನ ಸಂಗತಿ ಭಾಗೀರಥಮ್ಮನಿಗೆ ತಿಳಿದದ್ದು ನಿಧಾನವಾಗಿ. ಒಂದು ಸಣ್ಣ ಸೀಸೆಯಲ್ಲಿ ನೇರಳೆಗೆಂಪು ಪುಡಿ. ಅವಳೇ ತಿಂಗಳುಗಟ್ಟಲೆ ಕಷ್ಟಪಟ್ಟು ಮಾಡಿದ್ದು. ರಕ್ತಕ್ಕೆ ಕೆಂಪು, ಎಲೆಗೆ ಹಸಿರು ಕೊಡುವ ವಸ್ತುವಿನ ದಾಯಾದಿ ಅದು ಎಂದು ಹೇಳಿದಳು. ಆ ಪುಡಿಯ ಒಂದು ಚಿಟಿಕೆಯನ್ನು ಆಸ್ಪತ್ರೆಯ ಸಿಹಿ ವಾಸನೆಯ ದ್ರವದಲ್ಲಿ ಕರಗಿಸಬೇಕು, ಬೆರಳಗಲದ ಗಾಜಿನ ಪಟ್ಟಿಯ ಮೇಲೆ ಒಂದೇ ಒಂದು ತೊಟ್ಟು ಬಿಡಬೇಕು, ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿ, ಒಂದು ಕಡೆ ಬೆಂಕಿಕಡ್ಡಿ ಇಟ್ಟು ಚೂರು ಎತ್ತಿರಬೇಕು. ತೊಟ್ಟು ನಿಧಾನವಾಗಿ ಆರಿಹೋಗುತ್ತದೆ. ಆರಿದ ಮೇಲೆ ಪುಡಿಯ ಅಣುಗಳು ಗಾಜಿನ ಮೇಲೆ ತಾವಾಗಿ ಏನಾದರೂ ಆಕಾರ ಕಟ್ಟಿಕೊಂಡಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಷ್ಟೇ ಕೆಲಸ. ವರ್ಷ ತುಂಬುತ್ತ ಬಂದರೂ ಬಂದದ್ದು ಬರೀ ಕಲೆ.

ಮುಂದಿನ ವರ್ಷ ಆಷಾಢ ಹಿಡಿಯುವ ಹೊತ್ತಿಗೆ ಅವಳು ಹಿಂಜರಿಯುತ್ತ ಕೇಳಿದಳು. "ಅಮ್ಮ, ಒಳಗಿನ ಕೋಣೇಲಿ ಗೋಡೆ ಗೂಡಿದೆಯಲ್ಲ, ಅದರಲ್ಲಿ ಒಂದು ಬಟ್ಟಲು ಇಟ್ಕೊಳ್ಳಲಾ? ಅಲ್ಲಿ ಗಾಳಿ ಇಲ್ಲ, ನಡುಕ ಇಲ್ಲ, ಧೂಳಿಲ್ಲ."

ಭಾಗೀರಥಮ್ಮ ಒಂದು ದಿನ ಪೂರ್ತಿ ಯೋಚಿಸಿದರು. ಆ ಕೋಣೆಯಲ್ಲಿ ಸೂರಿಗೆ ಹತ್ತಿರವಾಗಿ ಬಿದಿರಿನ ಒಂದು ಗಳ ತೂಗುಹಾಕಿತ್ತು. ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಹದಿನೆಂಟು ಮೊಳದ ಹತ್ತಿ ಸೀರೆಯನ್ನು ಒಗೆದು, ಒಂದು ತುದಿಯನ್ನು ನಲ್ಲಿಗೆ ಸುತ್ತಿ ಮೂರು ಹಿಂಡು ಹಿಂಡಿ, ಕೋಲಿನಿಂದ ಎತ್ತಿ ಗಳದ ಮೇಲೆ ಹರವುವುದು ಅವರ ರೂಢಿ. ಮಾರನೆಯ ಬೆಳಿಗ್ಗೆ ಅದನ್ನೇ ಉಟ್ಟು ಅಡುಗೆ, ಪೂಜೆ. ಹತ್ತೊಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಆ ಸೀರೆಯನ್ನು ಅವರಲ್ಲದೆ ಇನ್ನೊಬ್ಬರು ಮುಟ್ಟಿರಲಿಲ್ಲ. ಒಡಹುಟ್ಟಿದ ತಂಗಿ ಕಮಲಮ್ಮನೂ ಮುಟ್ಟಿರಲಿಲ್ಲ.

"ಸ್ನಾನ ಮಾಡ್ಕೊಂಡು ಬರಬೇಕು" ಎಂದರು ಕೊನೆಗೆ. "ತಲೆ ತಗ್ಗಿಸಿ ಬರಬೇಕು, ಕೂದಲು ಸೀರೆಗೆ ತಾಗಬಾರದು. ಗಳದ ಕಡೆ ಕೈ ಚಾಚಬಾರದು."

"ಚಾಚಲ್ಲ."

ಕೋಕಿಲಾ ಮಾತು ತಪ್ಪಲಿಲ್ಲ. ಮಧ್ಯಾಹ್ನ ಎರಡಕ್ಕೆ ಕಾಲೇಜಿನಿಂದ ಬಂದು, ಸ್ನಾನ ಮಾಡಿ, ಸೊಂಟದಲ್ಲೇ ಬಗ್ಗಿ ಒಳಗೆ ಹೋಗಿ, ಗೂಡಿನಲ್ಲಿ ತೊಟ್ಟು ಬಿಟ್ಟು, ಹಾಗೇ ಬಗ್ಗಿಕೊಂಡೇ ಹೊರಗೆ ಬರುತ್ತಿದ್ದಳು. ತಲೆಯೆತ್ತಿ ಗಳವನ್ನು ಅವಳು ಒಂದು ಸಲವೂ ನೋಡಲಿಲ್ಲ. ಮುಂದೆ ಆದ ಫಜೀತಿಗೆಲ್ಲ ಅದೇ ಕಾರಣವಾಯಿತು.

ನಾಲ್ಕನೆಯ ದಿನ ಅವಳು ಮುಂದಿನ ಕೋಣೆಯಿಂದ ಕೂಗಿದಳು. "ಅಮ್ಮ, ಒಂದ್ ನಿಮಿಷ ಬನ್ನಿ." ಕಾಲೇಜಿನಿಂದ ಕೇಳಿ ತಂದಿದ್ದ ಹಳೆಯ ಸೂಕ್ಷ್ಮದರ್ಶಕದ ಮುಂದೆ ಅವರನ್ನು ಕೂರಿಸಿ, ಒಂದು ಕಣ್ಣು ಮುಚ್ಚಿಸಿದಳು. ಭಾಗೀರಥಮ್ಮನಿಗೆ ಮೊದಲು ತಮ್ಮ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು. ಆಮೇಲೆ ಬೆಳಕಿನಲ್ಲಿ ದುಂಡಗೆ, ನಡುವೆ ಖಾಲಿ ಇರುವ ಏನೋ. ಒಂದಲ್ಲ, ಎಷ್ಟೋ.

"ಉಂಗುರಗಳಮ್ಮ. ಒಂದು ಕೂದಲಿನ ಅಡ್ಡಗಲದಲ್ಲಿ ಹತ್ತು ಉಂಗುರ ಹಿಡಿಸುತ್ತೆ."

"ನಂಗೆ ಉದ್ದಿನವಡೆ ಕಂಡ ಹಾಗಾಯ್ತಲ್ಲೇ. ನಿನ್ನೆ ಅಂಗಡಿ ಮುಂದೆ ಹೀಗೇ ಜೋಡಿಸಿಟ್ಟಿದ್ರು."

ಕೋಕಿಲಾ ನಕ್ಕು ನಕ್ಕು ಗೋಡೆಗೆ ಒರಗಿದಳು. ಭಾಗೀರಥಮ್ಮ ಮತ್ತೆ ಬಗ್ಗಿ ನೋಡಿದರು. "ಇದನ್ನ ಯಾರು ಜೋಡಿಸ್ತಾರೆ?"

"ಯಾರೂ ಇಲ್ಲ. ಅದೇ ನನ್ನ ಕೆಲಸ. ಕೈ ಹಾಕೋರು ಯಾರೂ ಇಲ್ದೆ, ಅಣುಗಳು ತಾವೇ ಒಂದರ ಪಕ್ಕ ಒಂದು ಬಂದು ಕೂತ್ಕೋತವೆ. ಯಾಕೆ ದುಂಡಗೇ ಕೂತ್ಕೋತವೆ ಅನ್ನೋದು ಮಾತ್ರ ಗೊತ್ತಾಗ್ತಿಲ್ಲ."

ಅಂದಿನಿಂದ ಅವಳು ಒಂದು ನೋಟ್‌ಬುಕ್ ಇಟ್ಟಳು. ದಿನಕ್ಕೊಂದು ಸಾಲು, ಎದುರಿಗೆ ತಾರೀಖು. ಉಂಗುರ ಬಂದ ದಿನ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ. ಬಾರದ ದಿನ ಖಾಲಿ. ಶ್ರಾವಣ, ಭಾದ್ರಪದ, ಪುಟದ ತುಂಬ ಕೆಂಪು ಸೊನ್ನೆಗಳು. ಅವಳ ಮೇಷ್ಟ್ರು ಚಂದ್ರಶೇಖರಯ್ಯನವರಿಗೆ ತೋರಿಸಿದಳು. ಅವರು ಖುಷಿಪಟ್ಟು, ಇದನ್ನೇ ನಿನ್ನ ಪ್ರಬಂಧದ ಮುಖ್ಯ ಅಧ್ಯಾಯ ಮಾಡು ಎಂದರು.

ಜೊತೆಗೆ ಊಟವೂ ಶುರುವಾಗಿತ್ತು. ಮೊದಮೊದಲು ಭಾಗೀರಥಮ್ಮ ಸಾರನ್ನು ಬಾಗಿಲಾಚೆ ಇಟ್ಟು ಬರುತ್ತಿದ್ದರು. ಆಮೇಲೆ ಹೊಸ್ತಿಲಿನ ಮೇಲೆ. ದೀಪಾವಳಿಯ ಹೊತ್ತಿಗೆ ಇಬ್ಬರೂ ನಡುಮನೆಯಲ್ಲಿ ಎದುರುಬದುರು ಕೂತು ಉಣ್ಣುತ್ತಿದ್ದರು.

ವಠಾರದ ಪಕ್ಕದ ಮನೆಯ ಸರಸ್ವತಮ್ಮನಿಗೆ ಇದು ಅರಗಲಿಲ್ಲ. ಸಂಕ್ರಾಂತಿಯ ಎಳ್ಳನ್ನು ರಥಸಪ್ತಮಿಯ ದಿನ ಕೊಡಲು ಬಂದವರು ಒಳಕೋಣೆಯತ್ತ ಕತ್ತು ಚಾಚಿದರು. "ಏನ್ರೀ ಭಾಗೀರಥಮ್ಮ, ಮಡಿ ಕೋಣೇಲಿ ಆಸ್ಪತ್ರೆ ವಾಸನೆ ಇಟ್ಕೊಂಡಿದೀರಂತೆ. ಮಡೀನೂ ಬೇಕು, ಮೇಡಮ್ಮೂ ಬೇಕು ಅಂದ್ರೆ ಆಗುತ್ತಾ?"

"ನನ್ನ ಮಡಿ ನನಗೆ ಗೊತ್ತು ಸರಸ್ವತಮ್ಮ."

"ಗೊತ್ತಿದ್ರೆ ಸರಿ. ಒಂದಿನ ನಿಮ್ಮ ಸೀರೆ ತೊಟ್ಟಿಕ್ಕಿ ಅವಳ ಗಾಜು ಕೆಟ್ಟರೆ ಆಗ ಗೊತ್ತಾಗುತ್ತೆ. ವರ್ಷಗಟ್ಟಲೆ ಓದಿದ್ದು ನೀರುಪಾಲು."

ಮೊದಲಿನ ಕುಟುಕು ಭಾಗೀರಥಮ್ಮನಿಗೆ ತಾಗಲಿಲ್ಲ. ಎರಡನೆಯದು ಎದೆಯಲ್ಲಿ ಕೂತಿತು. ಅಂದು ಸಂಜೆ ಗೂಡಿನ ಅಂಚು ಮುಟ್ಟಿ ನೋಡಿದರು. ತೇವವಿತ್ತು. ರಥಸಪ್ತಮಿಯ ಮಾರನೆ ಬೆಳಿಗ್ಗೆ ಹಿತ್ತಲಿನಲ್ಲಿ ಎತ್ತರವಾಗಿ ಒಂದು ಹಗ್ಗ ಕಟ್ಟಿ ಸೀರೆಯನ್ನು ಅಲ್ಲಿ ಹರವಿದರು. ಕಾಗೆ ಬಂದು ಕೂತರೆ ಮೈಲಿಗೆ, ಮತ್ತೆ ಒಗೆಯಬೇಕು. ಒಂದೊಂದು ದಿನ ಮೂರು ಸಲ ಒಗೆದದ್ದೂ ಉಂಟು. ಕೋಲು ಹಿಡಿದು ಕಾಗೆ ಕಾಯುತ್ತ ಕೂತರು, ಕೋಕಿಲಾಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು.

ಅಂದಿನಿಂದ ಉಂಗುರ ಬರುವುದು ನಿಂತಿತು.

ಕೋಕಿಲಾ ಪುಡಿ ಬದಲಾಯಿಸಿದಳು, ದ್ರವ ಬದಲಾಯಿಸಿದಳು, ಗಾಜನ್ನು ಮೂರು ಬಗೆಯಲ್ಲಿ ತೊಳೆದಳು. ಬರೀ ಕಲೆ. ಮೇಷ್ಟ್ರ ಪ್ರಯೋಗಶಾಲೆಯಲ್ಲಿ ಮಾಡಿದಳು, ಅಲ್ಲಿಯೂ ಕಲೆಯೇ. ಅಲ್ಲಿ ಯಾರೋ ನಗುತ್ತ, "ಮೇಡಂ, ಮನೇಲಿ ಸೂಜಿಯಿಂದ ಕೊರೆದಿರಾ?" ಎಂದರಂತೆ. ಚಂದ್ರಶೇಖರಯ್ಯನವರು ನಗಲಿಲ್ಲ. "ಕೋಕಿಲಾ, ನಿನ್ನ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಯುಗಾದಿಯೊಳಗೆ ಒಂದು ಸಲ ನನ್ನ ಕಣ್ಮುಂದೆ ಬರಿಸು. ಬರಲಿಲ್ಲ ಅಂದ್ರೆ ಆ ಅಧ್ಯಾಯ ತೆಗೀಬೇಕಾಗುತ್ತೆ" ಎಂದರು. ಅದನ್ನು ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ಏನೂ ಇರಲಿಲ್ಲ. ಅವಳಿಗೆ ಕೊಟ್ಟಿದ್ದ ಅವಧಿಯೂ ಮಾರ್ಚಿಗೆ ಮುಗಿಯುತ್ತಿತ್ತು.

"ಪದವಿ ಹೋದ್ರೆ ಹೋಗ್ಲಿ ಅಮ್ಮ" ಎಂದಳು ಒಂದು ಮಧ್ಯಾಹ್ನ, ಅನ್ನದ ಮುಂದೆ ಕೂತು, ಉಣ್ಣದೆ. "ಇಲ್ಲದ್ದನ್ನ ಇದೆ ಅಂದಳು ಅನ್ನೋ ಮಾತು ಉಳಿದುಬಿಡುತ್ತಲ್ಲ. ನಮ್ಮಪ್ಪ ಒಂದೊಂದು ಬೋಲ್ಟೂ ತಟ್ಟಿ ನೋಡಿ ಆಮೇಲೆ ಸರಿಯಿದೆ ಅಂತ ಹೇಳೋರು."

ತಟ್ಟೆ ಹಾಗೇ ಬಿಟ್ಟು ಎದ್ದು ಹೋದಳು. ನೋಟ್‌ಬುಕ್ ನೆಲದ ಮೇಲೆ ತೆರೆದೇ ಬಿದ್ದಿತ್ತು.

ಭಾಗೀರಥಮ್ಮ ಓದಿದ್ದು ಎರಡನೆಯ ಕ್ಲಾಸು. ಅಕ್ಷರಗಳನ್ನು ಕೂಡಿಸಿ ಓದಬೇಕು, ಅಂಕಿಗಳಿಗೆ ಮಾತ್ರ ತಡವರಿಸಬೇಕಾಗಿರಲಿಲ್ಲ. ಎತ್ತಿಡೋಣ ಎಂದು ಕೈಗೆ ತೆಗೆದುಕೊಂಡವರು ಪುಟ ನೋಡುತ್ತ ಕೂತರು. ಕೆಂಪು ಸೊನ್ನೆ, ಕೆಂಪು ಸೊನ್ನೆ, ಕೆಂಪು ಸೊನ್ನೆ. ನಡುವೆ ಆಗಸ್ಟಿನಲ್ಲಿ ಮೂರು ದಿನ ಖಾಲಿ. ನವೆಂಬರಿನಲ್ಲಿ ಆರರಿಂದ ಹದಿನೈದರ ತನಕ, ಹತ್ತು ದಿನ ಖಾಲಿ.

ಹತ್ತು ದಿನ.

ಎದ್ದು ಹೋಗಿ ದೇವರ ಗೂಡಿನ ಪಕ್ಕದಲ್ಲಿ ಸುರುಳಿ ಸುತ್ತಿ ಇಟ್ಟಿದ್ದ ಹೋದ ವರ್ಷದ ಕ್ಯಾಲೆಂಡರ್ ತಂದು ನೆಲದ ಮೇಲೆ ಹರಡಿದರು. ನವೆಂಬರ್ ಆರರಂದು ಅವರೇ ಇದ್ದಿಲಿನಲ್ಲಿ ಗೀಟು ಎಳೆದಿದ್ದರು. ಮೈದುನ ತೀರಿಕೊಂಡ ಸುದ್ದಿ ಬಂದ ದಿನ. ಸೂತಕ ಹತ್ತು ದಿನ. ಪೂಜೆಯಿಲ್ಲ, ಮಡಿಯಿಲ್ಲ, ಗಳದ ಮೇಲೆ ಸೀರೆಯಿಲ್ಲ. ಆಗಸ್ಟಿನ ಮೂರು ದಿನ ವೈಯಾಲಿಕಾವಲಿನಲ್ಲಿ ಕಮಲಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದರು. ಆಗಲೂ ಗಳ ಖಾಲಿ. ಈಗ ರಥಸಪ್ತಮಿಯ ಮಾರನೆ ದಿನದಿಂದ ಇವತ್ತಿನವರೆಗೆ ಖಾಲಿ.

ಇನ್ನೊಬ್ಬಳ ನೋಟ್‌ಬುಕ್ಕಿನಲ್ಲಿ ತಮ್ಮ ಸೀರೆ ಗಳದ ಮೇಲೆ ಇದ್ದದ್ದು, ಇಲ್ಲದ್ದು ಒಂದು ದಿನವೂ ತಪ್ಪದೆ ಬರೆದಿರುವುದನ್ನು ಭಾಗೀರಥಮ್ಮ ಕಂಡರು. ಸರಿಯಾಗಿದೆಯೇ ಎಂದು ಇನ್ನೆರಡು ಸಲ ತಾಳೆ ನೋಡಿದರು. ಆಮೇಲೆ ಮುಂದಿನ ಕೋಣೆಗೆ ಹೋದರು.

"ಕೋಕಿಲಾ, ನಿನ್ನ ಕೆಲಸ ಕೆಡಿಸಿದ್ದು ನಾನು ಕಣೆ."

ಅವಳು ಎದ್ದು ಕೂತಳು. ಭಾಗೀರಥಮ್ಮ ಕ್ಯಾಲೆಂಡರ್ ಮತ್ತು ನೋಟ್‌ಬುಕ್ ಎರಡನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು, ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟು ಹೇಳಿದರು. ತೊಟ್ಟಿಕ್ಕುತ್ತದೆ ಎಂಬ ಹೆದರಿಕೆ, ಹಿತ್ತಲಿನ ಹಗ್ಗ, ಕಾಗೆ, ಯಾವುದನ್ನೂ ಬಿಡಲಿಲ್ಲ.

ಕೋಕಿಲಾ ನೋಟ್‌ಬುಕ್ಕಿನ ಮೊದಲ ಪುಟ ತಿರುಗಿಸಿದಳು. ತನಗೇ ಹೇಳಿಕೊಳ್ಳುವಂತೆ ಮಾತಾಡಿದಳು. "ಗೂಡು ಮುಚ್ಚಿದೆ, ಬಟ್ಟಲು ಮುಚ್ಚಿದೆ, ಒಣಗಾಳಿ ಅಂತ ನಾನು ಬರ್ಕೊಂಡಿದೀನಿ. ತಲೆ ಮೇಲೆ ಹದಿನೆಂಟು ಮೊಳದ ಒದ್ದೆ ಸೀರೆ ಇತ್ತು." ಆಮೇಲೆ ಅವರ ಕಡೆ ತಿರುಗಿದಳು. "ಅಮ್ಮ, ಆ ದ್ರವ ಬೇಗ ಆರುತ್ತಲ್ಲ, ಆರುವಾಗ ಗಾಜು ತಣ್ಣಗಾಗುತ್ತೆ. ಬೆವರು ಆರುವಾಗ ಮೈ ತಣ್ಣಗಾಗಲ್ವಾ, ಹಾಗೆ. ಗಾಳೀಲಿ ನೀರಾವಿ ಇದ್ರೆ ಆ ತಣ್ಣನೆ ಜಾಗದ ಮೇಲೆ ಮಂಜಿನ ಹಾಗೆ ಕಣ್ಣಿಗೆ ಕಾಣದ ಹನಿಗಳು ಕೂತ್ಕೋತವೆ. ಅಣುಗಳು ಒಂದೊಂದು ಹನೀನ ಸುತ್ತುವರಿದು ನಿಲ್ತವೆ. ಕೊನೆಗೆ ಹನಿಯೂ ಆರಿಹೋಗುತ್ತೆ. ಸುತ್ತ ನಿಂತಿದ್ದವು ಮಾತ್ರ ಹಾಗೇ ಉಳೀತವೆ."

"ಅರಶಿನದ ನೀರು ನೆಲಕ್ಕೆ ಬಿದ್ದು ಒಣಗಿದ್ರೆ ಬಣ್ಣ ಎಲ್ಲ ಅಂಚಿಗೇ ಹೋಗಿ ನಿಲ್ಲುತ್ತೆ. ಅದನ್ನ ದಿನಾ ಒರೆಸ್ತೀನಿ" ಎಂದರು ಭಾಗೀರಥಮ್ಮ.

"ಹೆಚ್ಚುಕಮ್ಮಿ ಹಾಗೇ ಅಮ್ಮ."

ಮಾರನೆ ಬೆಳಿಗ್ಗೆ ಸೀರೆ ಗಳಕ್ಕೆ ಹಿಂತಿರುಗಿತು. ಮಧ್ಯಾಹ್ನ ಕೋಕಿಲಾ ಒಳಗೆ ಹೋದವಳು ಮೊದಲ ಸಲ ತಲೆಯೆತ್ತಿ ಅದನ್ನು ನೋಡಿದಳು. ಮೂರು ಗಂಟೆಗೆ ಉಂಗುರ ಬಂದಿತ್ತು. ಆದರೆ ಅದು ಸಾಲದು. ಮೇಷ್ಟ್ರ ಕಣ್ಣೆದುರಿಗೆ ಆಗಬೇಕು.

"ಅಲ್ಲಿ ಒಂದು ಒದ್ದೆ ಟವಲ್ ಕಟ್ತೀನಿ" ಎಂದಳು ಕೋಕಿಲಾ.

"ಬೇಡ. ನಿನಗೆ ಉಂಗುರ ಬಂದಿದ್ದು ಈ ಸೀರೇಲಿ, ಮೂರು ಹಿಂಡಿನ ಒದ್ದೇಲಿ. ಬೇರೆ ಬಟ್ಟೆ ಕಟ್ಟಿ ಬರಲಿಲ್ಲ ಅಂದ್ರೆ ಬಟ್ಟೆ ತಪ್ಪೋ ನಿನ್ನ ತಪ್ಪೋ ಹೇಗೆ ಗೊತ್ತಾಗುತ್ತೆ? ನಾನೇ ತರ್ತೀನಿ."

"ಬಸ್ಸಲ್ಲಿ, ಅಷ್ಟು ಜನರ ಮಧ್ಯೆ, ನಿಮ್ಮ ಮಡಿ?"

ಭಾಗೀರಥಮ್ಮ ಒಣಗಿದ ಸೀರೆಯನ್ನು ಮಡಿಚಿ ಒಂದು ಚೀಲಕ್ಕೆ ಹಾಕಿದರು.

ಯುಗಾದಿಗೆ ಇನ್ನು ನಾಲ್ಕು ದಿನವಿತ್ತು. ಪ್ರಯೋಗಶಾಲೆಯಲ್ಲಿ ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿಸಿದರು. ಚಂದ್ರಶೇಖರಯ್ಯನವರು ಚೀಲದಿಂದ ಹೊರಬಂದ ಸೀರೆಯನ್ನು ಕಂಡು, "ಏನಮ್ಮ, ನಮ್ಮ ಲ್ಯಾಬನ್ನ ಧೋಬಿಘಾಟ್ ಮಾಡ್ತೀರಾ?" ಎಂದರು.

"ಮೊದಲು ಸೀರೆ ಇಲ್ದೆ ಮಾಡಿ ನೋಡಿ ಸ್ವಾಮಿ" ಎಂದರು ಭಾಗೀರಥಮ್ಮ. "ಆಮೇಲೆ ಸೀರೆ ಕಟ್ಟಿ. ಎರಡೂ ನೋಡದಿದ್ರೆ ನಂಬೋದು ಹೇಗೆ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಸೀರೆಯಿಲ್ಲದೆ ಮಾಡಿದ ಗಾಜಿನಲ್ಲಿ ಬರೀ ಕಲೆ ಬಂತು. ನಗುತ್ತಿದ್ದವರು ಇನ್ನಷ್ಟು ನಕ್ಕರು.

ಸೀರೆಯನ್ನು ಅಲ್ಲಿಯ ತೊಟ್ಟಿಯಲ್ಲಿ ನೆನೆಸಿದ್ದಾಯಿತು. ಹಿಂಡಬೇಕು. ಅಲ್ಲಿಯ ನಲ್ಲಿಯೋ ಕೊಕ್ಕರೆಯ ಕತ್ತಿನ ಹಾಗೆ ತೆಳ್ಳಗೆ. ಸೀರೆ ಸುತ್ತಿ ಎಳೆದರೆ ಕಿತ್ತುಕೊಂಡೇ ಬರುತ್ತದೆ. ಭಾಗೀರಥಮ್ಮ ನಲ್ಲಿಯನ್ನು ನೋಡಿದರು, ಕೈಯಲ್ಲಿದ್ದ ಸೀರೆಯನ್ನು ನೋಡಿದರು. ಕೋಕಿಲಾ ಎರಡು ಹೆಜ್ಜೆ ಆಚೆಗೆ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಷ್ಟು ದಿನದ ಅಭ್ಯಾಸ ಅವಳದು.

"ಏನು ನೋಡ್ತೀಯಾ" ಎಂದರು ಭಾಗೀರಥಮ್ಮ. "ಆ ತುದಿ ಹಿಡ್ಕೋ."

"ಅಮ್ಮ."

"ಹಿಡ್ಕೋ ಅಂದೆ. ಬಲಕ್ಕೆ ತಿರುಗಿಸು. ನಾನು ಎಡಕ್ಕೆ. ಮೂರೇ ಹಿಂಡು, ಜಾಸ್ತಿ ಬೇಡ."

ಇಬ್ಬರೂ ಹಿಂಡಿದರು. ನೀರು ಕಲ್ಲುನೆಲದ ಮೇಲೆ ಸುರಿಯಿತು. ಕಿಟಕಿಯ ಸರಳಿಗೂ ಎದುರಿನ ಕಪಾಟಿಗೂ ದಾರ ಕಟ್ಟಿ ಸೀರೆ ಹರವಿ, ಅದರ ಕೆಳಗೆ ತೊಟ್ಟು ಬಿಟ್ಟು, ಬಟ್ಟಲು ಬೋರಲು ಹಾಕಿ, ಬೆಂಕಿಕಡ್ಡಿ ಇಟ್ಟರು. ಇಪ್ಪತ್ತು ನಿಮಿಷ ಕಾದರು. ಆಮೇಲೆ ಚಂದ್ರಶೇಖರಯ್ಯನವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಗ್ಗಿದವರು ಮೇಲೇಳಲು ತಡಮಾಡಿದರು.

"ಅಮ್ಮ, ನೀವು ಎಷ್ಟು ಓದಿದೀರಿ?"

"ಎರಡನೇ ಕ್ಲಾಸು."

"ಒದ್ದೆ ಎಷ್ಟಿತ್ತು ಅಂದ್ರಿ?"

"ಮೂರು ಹಿಂಡು. ನಾಲ್ಕನೇದು ಹಿಂಡಿದ್ರೆ ಬೇಗ ಒಣಗಿಬಿಡುತ್ತೆ."

"ಕೋಕಿಲಾ, ಇದನ್ನ ತೂಕ ಮಾಡಿ ಬರ್ಕೋ" ಎಂದರು ಮೇಷ್ಟ್ರು. ಅಧ್ಯಾಯ ಉಳಿಯಿತು. ಕೋಕಿಲಾ ಅದನ್ನು ಮೊದಲಿನಿಂದ ತಿದ್ದಿ ಬರೆದಳು. ಒಣಗಾಳಿ ಎಂದಿದ್ದಲ್ಲೆಲ್ಲ ಹೊಡೆದುಹಾಕಿ, ತನ್ನ ತಪ್ಪನ್ನೂ ಒಪ್ಪಿಕೊಂಡು ಬರೆದಳು. ದಪ್ಪ ರಟ್ಟಿನ ಪುಸ್ತಕ ಕಟ್ಟಿಸಿ ತಂದ ದಿನ ಒಂದು ಪುಟ ತೆಗೆದು ಭಾಗೀರಥಮ್ಮನ ಬೆರಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟಳು. "ಒದ್ದೆ ಹತ್ತಿ ಬಟ್ಟೆ, ಎಂಟೂಕಾಲು ಮೀಟರ್ ಅಂತ ಇದೆ. ಅದು ನೀವು."

"ಹದಿನೆಂಟು ಮೊಳ ಅಂತ ಹಾಕಬೇಕಿತ್ತು" ಎಂದರು ಭಾಗೀರಥಮ್ಮ.

ಪದವಿ ಬಂದ ಮೇಲೂ ಅವಳು ಅದೇ ಕಾಲೇಜಿನಲ್ಲಿ ಪಾಠ ಹೇಳಿದಳು, ಅದೇ ಮುಂದಿನ ಕೋಣೆಯಲ್ಲಿ ಇದ್ದಳು. ಪ್ರಯೋಗಶಾಲೆಯಿಂದ ಬಂದ ಮಾರನೆ ಬೆಳಿಗ್ಗೆ ಭಾಗೀರಥಮ್ಮ ಬಚ್ಚಲಿನಿಂದ ಕೂಗಿದ್ದರು. "ಸ್ನಾನ ಆಯ್ತೇನೆ? ಆಗಿದ್ರೆ ಬಾ, ಈ ತುದಿ ಹಿಡ್ಕೋ." ಅಂದಿನಿಂದ ಒಂಬತ್ತು ವರ್ಷ, ಕೋಕಿಲಾ ಬಲಕ್ಕೆ, ಭಾಗೀರಥಮ್ಮ ಎಡಕ್ಕೆ, ಮೂರು ಹಿಂಡು. ಸರಸ್ವತಮ್ಮ ಒಂದು ದಿನ ನೋಡಿ, "ಇದ್ಯಾವ ಸೀಮೆ ಮಡಿ?" ಎಂದು ಕೇಳಿದರು. "ಇಬ್ಬರು ಹಿಂಡೋ ಮಡಿ" ಎಂದರು ಭಾಗೀರಥಮ್ಮ. ನಲ್ಲಿಗೆ ಸುತ್ತಿ ಎಳೆದು ಎಳೆದು ಮೊದಲು ಸೀರೆಯ ಅಂಚು ಬೇಗ ಹರಿಯುತ್ತಿತ್ತು. ಆಮೇಲೆ ಹರಿಯಲಿಲ್ಲ.

ಎರಡು ಸಾವಿರದ ಏಳನೆಯ ಇಸವಿಯ ಮಳೆಗಾಲದಲ್ಲಿ ಕೋಕಿಲಾಳಿಗೆ ಜ್ವರ ಹಿಡಿದು ಬಿಡಲೇ ಇಲ್ಲ. ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದಳು. ಎಪ್ಪತ್ತೆರಡು ದಾಟಿದ ಭಾಗೀರಥಮ್ಮ ದಿನಾ ಬೆಳಿಗ್ಗೆ ಸೀರೆ ಒಗೆದು, ಮೊದಲಿನ ಹಾಗೆ ಒಂದು ತುದಿಯನ್ನು ನಲ್ಲಿಗೆ ಸುತ್ತಿ ಹಿಂಡಿ, ಗಳಕ್ಕೆ ಹಾಕಿ, ಗಂಜಿ ತೆಗೆದುಕೊಂಡು ಹೋಗುತ್ತಿದ್ದರು. ಮೂರನೆಯ ಹಿಂಡಿಗೆ ಕೈ ಸೋಲುತ್ತಿತ್ತು. ನೀರು ಪೂರ್ತಿ ಇಳಿಯದೆ ಸೀರೆ ಸಂಜೆಯ ತನಕ ಒಣಗುತ್ತಿರಲಿಲ್ಲ. ಅದನ್ನು ಅವರು ಅವಳಿಗೆ ಹೇಳಲಿಲ್ಲ.

ಹದಿಮೂರನೆಯ ಬೆಳಿಗ್ಗೆ ಅವಳು ಕಣ್ಣು ಬಿಟ್ಟಿದ್ದಳು. ಭಾಗೀರಥಮ್ಮ ಗಂಜಿ ಕುಡಿಸಲು ಪಕ್ಕದಲ್ಲಿ ಕೂತು ಚಮಚ ಎತ್ತಿದರು. ಕೋಕಿಲಾ ಚಮಚದ ಕಡೆ ನೋಡಲಿಲ್ಲ. ಅವರ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಅಂಗೈಯಲ್ಲಿ ಸೀರೆ ಕೊರೆದ ಕೆಂಪು ಗೀಟು ಇತ್ತು. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಅಮ್ಮ, ಇವತ್ತು ಆ ತುದಿ ಯಾರು ಹಿಡ್ಕೊಂಡ್ರು?"